ಎಲೆ ದಂಡಿಯಾಗಿದೆ, ಹೂವೇ ಇಲ್ಲ: ಡ್ಯಾಫೊಡಿಲ್ ಗೆಡ್ಡೆಗಳನ್ನು ಕಿತ್ತೆಸೆಯಬೇಕೆ?

ಪ್ರಶ್ನೆ: ಐದು ವರ್ಷದ ಹಿಂದೆ ಶರತ್ಕಾಲದಲ್ಲಿ 40 ಡ್ಯಾಫೊಡಿಲ್ ಗೆಡ್ಡೆ ತಂದು ಹುಲ್ಲುಹಾಸಿನ ಅಂಚಿನುದ್ದಕ್ಕೂ ನೆಟ್ಟೆ. ಚೀಲದ ಮೇಲೆ ‘ಕಿಂಗ್ ಆಲ್ಫ್ರೆಡ್’ ಎಂದಿತ್ತು. ಗುಂಡಿ ನಾಲ್ಕು ಬೆರಳು ಆಳ ಇದ್ದಿರಬಹುದು. ಮೊದಲ ವಸಂತದಲ್ಲಿ ಒಂದೂ ತಪ್ಪದೆ ಹೂಬಿಟ್ಟವು. ಎರಡನೆಯ ವರ್ಷ ಅರ್ಧಕ್ಕರ್ಧ. ಆಮೇಲೆ ಇಳಿಯುತ್ತ ಬಂದು ಈ ವರ್ಷ ಮೂರೇ ಮೂರು ಹೂ. ಎಲೆಗೇನೂ ಕೊರತೆಯಿಲ್ಲ, ವರ್ಷದಿಂದ ವರ್ಷಕ್ಕೆ ದಟ್ಟವಾಗುತ್ತಿದೆ, ಆದರೆ ಸಣಕಲಾಗಿದೆ. ಹೂ ಬಾಡಿದ ಮೇಲೆ ಎಲೆ ಅಡ್ಡಾದಿಡ್ಡಿ ಬೀಳುತ್ತದೆಂದು ಜಡೆಯಂತೆ ಹೆಣೆದು ರಬ್ಬರ್ ಬ್ಯಾಂಡ್ ಹಾಕುತ್ತಿದ್ದೆ. ಎರಡು-ಮೂರು ವಾರ ಬಿಟ್ಟು ಹುಲ್ಲು ಕತ್ತರಿಸುವಾಗ ಅದನ್ನೂ ಸೇರಿಸಿ ಕತ್ತರಿಸಿಬಿಡುತ್ತಿದ್ದೆ. ಹುಲ್ಲಿಗೆ ಹಾಕುವ ಗೊಬ್ಬರ ಇವಕ್ಕೂ ಬೀಳುತ್ತದೆ. ಗೆಡ್ಡೆಗೆ ವಯಸ್ಸಾಯಿತು, ಕಿತ್ತೆಸೆಯಿರಿ ಎನ್ನುತ್ತಾರೆ ಒಬ್ಬರು. ಕಾಡುಜಾತಿಗೆ ತಿರುಗಿದೆ ಎನ್ನುತ್ತಾರೆ ಇನ್ನೊಬ್ಬರು. ಕಿತ್ತು ಫ್ರಿಜ್ಜಿನಲ್ಲಿಡಿ, ಹೂ ಬರುತ್ತದೆ ಎಂಬ ಸಲಹೆಯೂ ಬಂದಿದೆ. ನಮ್ಮಲ್ಲಿ ಚಳಿಗಾಲಕ್ಕೆ ಹಿಮ ಬೀಳುತ್ತದೆ. ಈಗ ಎಲೆ ಇನ್ನೂ ಹಸಿರಾಗಿದೆ. ಇವನ್ನು ಉಳಿಸಿಕೊಳ್ಳಬಹುದೇ?

ಉತ್ತರ: ಖಂಡಿತ ಉಳಿಸಿಕೊಳ್ಳಬಹುದು. ನೀವು ಹೇಳಿದ ಲಕ್ಷಣಗಳನ್ನು ನೋಡಿದರೆ ಗೆಡ್ಡೆಗಳು ಹಸಿದಿವೆ, ಜೊತೆಗೆ ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡಿವೆ. ಎರಡಕ್ಕೂ ಪರಿಹಾರವಿದೆ. ಎಲೆ ಹಸಿರಾಗಿರುವಾಗಲೇ ಕೇಳಿದ್ದೀರಿ, ಒಳ್ಳೆಯದಾಯಿತು. ಮುಂದಿನ ವಸಂತದಲ್ಲಿ ಹೂ ಬರುವುದೋ ಇಲ್ಲವೋ ಎಂಬುದು ಈಗಿನ ಕೆಲವು ವಾರಗಳಲ್ಲೇ ತೀರ್ಮಾನವಾಗುತ್ತದೆ. ಆದ್ದರಿಂದ ಮುಂದಕ್ಕೆ ಓದುವ ಮೊದಲು ಒಂದು ಕೆಲಸ ಮಾಡಿ: ರಬ್ಬರ್ ಬ್ಯಾಂಡ್ ಹಾಕಿದ್ದರೆ ಬಿಚ್ಚಿ, ಹುಲ್ಲು ಕತ್ತರಿಸುವ ಯಂತ್ರ ಆ ಅಂಚಿಗೆ ಹೋಗದಂತೆ ನಾಲ್ಕು ಗೂಟ ಹೊಡೆದು ದಾರ ಕಟ್ಟಿಬಿಡಿ.

ಏನೂ ಆರೈಕೆಯಿಲ್ಲದ ಮೊದಲ ವರ್ಷ ಅಷ್ಟು ಚೆನ್ನಾಗಿ ಹೂಬಿಟ್ಟದ್ದು, ಗೊಬ್ಬರ-ನೀರು ಕಂಡ ಮೇಲೆ ಏಕೆ ನಿಂತಿತು ಎಂಬುದು ನಿಮ್ಮನ್ನು ಕಾಡುತ್ತಿರಬೇಕು. ಬೇಸಿಗೆಯ ಕೊನೆಯಲ್ಲಿ ಚೆನ್ನಾಗಿ ಬಲಿತ ಒಂದು ಗೆಡ್ಡೆಯನ್ನು ತುದಿಯಿಂದ ಬುಡದವರೆಗೆ ಉದ್ದಕ್ಕೆ ಸೀಳಿದರೆ ಉತ್ತರ ಅಲ್ಲೇ ಕಾಣುತ್ತದೆ. ಈರುಳ್ಳಿಯ ಹಾಗೆ ಪದರದ ಮೇಲೆ ಪದರ, ಬಿಳಿಯ ದಪ್ಪ ಪದರಗಳು. ಅಡಿಯಲ್ಲಿ ಆ ಪದರಗಳೆಲ್ಲ ಬಂದು ಕೂಡುವ ಗಟ್ಟಿಯಾದ ತಟ್ಟೆ, ಬೇರು ಹೊರಡುವುದು ಅಲ್ಲಿಂದ. ನಡುವೆ ತಿಳಿಹಳದಿ ಮೊಳಕೆ. ಮೊಳಕೆಯ ಎಲೆಗಳನ್ನು ಸೂಜಿಯ ತುದಿಯಿಂದ ಒಂದೊಂದಾಗಿ ಸರಿಸುತ್ತ ಹೋದರೆ ಒಳಗೆ ಕೆಲವೇ ಮಿಲಿಮೀಟರ್ ಉದ್ದದ ಹೂಮೊಗ್ಗು ಸಿಗುತ್ತದೆ. ಭೂತಗನ್ನಡಿ ಹಿಡಿದರೆ ಎಸಳು, ಕೇಸರಗಳನ್ನೂ ಗುರುತಿಸಬಹುದು. ಹೂ ಅರಳಲು ಇನ್ನೂ ಆರೇಳು ತಿಂಗಳು ಇರುವಾಗಲೇ ಅದು ಅಲ್ಲಿ ತಯಾರಾಗಿ ಕುಳಿತಿರುತ್ತದೆ.

ಅಂದರೆ ನೀವು ಕೊಂಡು ತಂದ ಗೆಡ್ಡೆಯೊಳಗೆ ಹೂ ಆಗಲೇ ಇತ್ತು. ಅದನ್ನು ಕಟ್ಟಿದ್ದು ಬೆಳೆಗಾರರ ಹೊಲ. ನೆಡುವ ಆಳ ತಪ್ಪಿದರೂ ಮಣ್ಣು ಬಡವಾಗಿದ್ದರೂ ಮೊದಲ ವಸಂತಕ್ಕೆ ಅದು ಅರಳಿಯೇ ಅರಳುತ್ತದೆ. ನಿಮ್ಮ ತೋಟದ ಪರೀಕ್ಷೆ ಶುರುವಾಗುವುದು ಎರಡನೆಯ ವರ್ಷದಿಂದ.

ಹೊಸ ಮೊಗ್ಗು ಹುಟ್ಟುವ ಸಮಯವನ್ನೂ ಗಮನಿಸಿ. ಈ ವರ್ಷದ ಹೂ ಬಾಡಿ, ಎಲೆ ಇನ್ನೂ ಹಸಿರಾಗಿರುವಾಗಲೇ ಗೆಡ್ಡೆಯೊಳಗೆ ಮುಂದಿನ ವರ್ಷದ ಮೊಗ್ಗಿನ ಕೆಲಸ ಆರಂಭವಾಗುತ್ತದೆ, ಬೇಸಿಗೆಯ ಕೊನೆಗೆ ಮುಗಿಯುತ್ತದೆ. ಅದಕ್ಕೆ ಬೇಕಾದ ಪಿಷ್ಟವನ್ನೆಲ್ಲ ಕೂಡಿಡುವುದು ಎಲೆ. ಹೂ ಬಾಡಿದ ಮೇಲೆ ಕನಿಷ್ಠ 6 ವಾರ ಎಲೆ ಬಿಸಿಲು ಕಾಣಬೇಕು. ನೀವು ಎರಡು-ಮೂರು ವಾರಕ್ಕೇ ಕತ್ತರಿಸಿದ್ದೀರಿ. ಆ ಎರಡು-ಮೂರು ವಾರವೂ ಅದು ಹೆಣೆದ ಜಡೆಯಲ್ಲಿತ್ತು. ಹೆಣೆದಾಗ ಒಳಗಿನ ಎಲೆಗೆ ಬೆಳಕು ತಾಗುವುದಿಲ್ಲ, ಬಾಗಿಸಿದ ಕಡೆ ಎಲೆಯ ನಾಳಗಳು ಮುರಿಯುತ್ತವೆ. ಕತ್ತರಿಸಿದಾಗಿನಂತೆ ಹೆಣೆದಾಗಲೂ ಗೆಡ್ಡೆಗೆ ಸಿಗುವ ಆಹಾರ ಕಡಿಮೆಯಾಗುತ್ತದೆ. ಹೀಗೆ ಪ್ರತಿ ವರ್ಷವೂ ಗೆಡ್ಡೆ ಸ್ವಲ್ಪ ಸ್ವಲ್ಪವೇ ಸಣ್ಣದಾಗುತ್ತದೆ. ಒಂದು ಗಾತ್ರಕ್ಕಿಂತ ಕೆಳಗಿಳಿದ ಗೆಡ್ಡೆ ಎಲೆಯನ್ನಷ್ಟೇ ಕೊಡುತ್ತದೆ, ಮೊಗ್ಗು ಕಟ್ಟುವುದೇ ಇಲ್ಲ.

ನೆಟ್ಟ ಆಳ ಇದರ ಮೇಲೆ ಬರೆ ಎಳೆದಿದೆ. ನಾಲ್ಕು ಬೆರಳೆಂದರೆ 7–8 ಸೆಂ.ಮೀ. ಒಳ್ಳೆಯ ಡ್ಯಾಫೊಡಿಲ್ ಗೆಡ್ಡೆಯೇ 5 ಸೆಂ.ಮೀ. ಎತ್ತರ ಇರುವುದರಿಂದ ಅದರ ತಲೆಯ ಮೇಲೆ ಬರೀ ಎರಡು-ಮೂರು ಸೆಂ.ಮೀ. ಮಣ್ಣು ಬಿದ್ದಿದೆ. ಮೇಲ್ಮಣ್ಣು ಬೇಗ ಕಾಯುತ್ತದೆ, ಬೇಗ ಒಣಗುತ್ತದೆ. ಮೇಲೆ ಕೂತ ಗೆಡ್ಡೆ ಬೇಗ ಬೇಗ ಒಡೆದು ಮರಿ ಹಾಕುತ್ತದೆ. ಆಳದಲ್ಲಿರುವುದು ನಿಧಾನವಾಗಿ ಒಡೆಯುತ್ತದೆ, ದಪ್ಪವಾಗುತ್ತದೆ. ಐದು ವರ್ಷದಲ್ಲಿ ನಿಮ್ಮ ಒಂದೊಂದು ಬುಡವೂ ಒಂದಕ್ಕೊಂದು ಒತ್ತಿಕೊಂಡ ಸಣ್ಣ ಗೆಡ್ಡೆಗಳ ಗೊಂಚಲಾಗಿರುತ್ತದೆ. ಅಷ್ಟೇ ನೀರು, ಅಷ್ಟೇ ಪೋಷಕಾಂಶಕ್ಕೆ ಅಷ್ಟು ಬಾಯಿ. ದಟ್ಟವಾದ, ಆದರೆ ಸಣಕಲಾದ ಎಲೆ ಎಂದು ನೀವು ಬರೆದಿರುವುದು ಇದರದೇ ಲಕ್ಷಣ.

ಮೂರನೆಯದು ಹುಲ್ಲಿನ ಗೊಬ್ಬರ. ಹುಲ್ಲು ಹಸಿರಾಗಲೆಂದು ತಯಾರಿಸಿದ ಗೊಬ್ಬರದಲ್ಲಿ ಸಾರಜನಕ ಹೆಚ್ಚು. ಅದು ಎಲೆಯನ್ನು ಬೆಳೆಸುತ್ತದೆ, ಗೆಡ್ಡೆಯನ್ನು ಮೆತ್ತಗಾಗಿಸಿ ಕೊಳೆರೋಗಕ್ಕೂ ದಾರಿ ಮಾಡಿಕೊಡುತ್ತದೆ. ಗೆಡ್ಡೆ ಗಟ್ಟಿಯಾಗಲು ಬೇಕಾದದ್ದು ಪೊಟ್ಯಾಷ್.

ಜನ ಹೇಳಿದ ಮಾತುಗಳ ಬಗ್ಗೆ

ವಯಸ್ಸಾಯಿತು ಎಂಬುದು ಸರಿಯಲ್ಲ. ಡ್ಯಾಫೊಡಿಲ್ ಗೆಡ್ಡೆಗೆ ನಾವು ತಿಳಿದಂಥ ಮುಪ್ಪಿಲ್ಲ. ಹೊರಗಿನ ಹಳೆಯ ಪದರಗಳು ಸವೆದು ತೆಳ್ಳನೆಯ ಕಂದು ಸಿಪ್ಪೆಯಾಗುತ್ತವೆ, ಒಳಗಿನಿಂದ ಹೊಸ ಪದರ ಬರುತ್ತಲೇ ಇರುತ್ತದೆ, ಪಕ್ಕದಲ್ಲಿ ಮರಿಗೆಡ್ಡೆ ಹುಟ್ಟುತ್ತದೆ. ಒಪ್ಪುವ ಜಾಗದಲ್ಲಿ ಒಂದೇ ಬುಡ ದಶಕಗಳ ಕಾಲ ಹೂ ಕೊಡುತ್ತದೆ.

ಕಾಡುಜಾತಿಗೆ ತಿರುಗುವ ಮಾತಂತೂ ಬಿಟ್ಟುಬಿಡಿ. ಮರಿಗೆಡ್ಡೆ ತಾಯಿಯ ಅಚ್ಚು ಪ್ರತಿಯೇ. ಬಣ್ಣ, ಆಕಾರ, ಎತ್ತರ ಅದೇ ಇರುತ್ತದೆ. ಬೀಜದಿಂದ ಹುಟ್ಟಿದರೆ ಬೇರೆ ಮಾತು, ಆದರೆ ಬೀಜದ ಗಿಡ ಹೂಬಿಡಲು ಸಾಮಾನ್ಯವಾಗಿ ಐದಾರು ವರ್ಷವಾದರೂ ಬೇಕು. ನಿಮ್ಮ ಸಾಲಿನಲ್ಲಿ ಆಗಿರುವುದು ಅದಲ್ಲ. ತಳಿಯ ವಿಷಯ ಬಂದದ್ದಕ್ಕೆ ಇನ್ನೊಂದು ಮಾತು. ‘ಕಿಂಗ್ ಆಲ್ಫ್ರೆಡ್’ ಹಳೆಯ ತಳಿ, 1899ರಲ್ಲಿ ಇಂಗ್ಲೆಂಡಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿಯ ಪ್ರಥಮ ದರ್ಜೆ ಪ್ರಮಾಣಪತ್ರ ಪಡೆದದ್ದು. ಈಗ ಆ ಹೆಸರಿನಲ್ಲಿ ಬರುವ ಚೀಲಗಳಲ್ಲಿ ಹೆಚ್ಚಾಗಿ ಇರುವುದು ‘ಡಚ್ ಮಾಸ್ಟರ್’ನಂಥ ಆಮೇಲಿನ ದೊಡ್ಡ ಹಳದಿ ತುತ್ತೂರಿ ತಳಿಗಳು. ಅದರಿಂದ ನಿಮಗೇನೂ ನಷ್ಟವಿಲ್ಲ, ಅವೂ ಗಟ್ಟಿ ತಳಿಗಳೇ.

ಫ್ರಿಜ್ಜಿನ ಸಲಹೆಯಲ್ಲಿ ಅರ್ಧ ಸತ್ಯವಿದೆ, ಆ ಅರ್ಧ ನಿಮಗೆ ಸಲ್ಲುವುದಿಲ್ಲ. ಡ್ಯಾಫೊಡಿಲ್‌ಗೆ ಚಳಿ ಬೇಕು ನಿಜ: ಸುಮಾರು 5ರಿಂದ 9 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ 12ರಿಂದ 16 ವಾರ. ಆದರೆ ಆ ಚಳಿಯ ಕೆಲಸ ಆಗಲೇ ಕಟ್ಟಿರುವ ಮೊಗ್ಗಿನ ದಂಟನ್ನು ಉದ್ದಕ್ಕೆ ಬೆಳೆಸಿ ಹೊರಗೆ ತರುವುದು. ಚಳಿ ಸಾಲದಿದ್ದರೆ ದಂಟು ಗಿಡ್ಡವಾಗಿ ಹೂ ಎಲೆಯೊಳಗೇ ಸಿಕ್ಕಿಕೊಳ್ಳುತ್ತದೆ. ಮೊಗ್ಗೇ ಇಲ್ಲದ ಗೆಡ್ಡೆಯನ್ನು ಎಷ್ಟು ದಿನ ತಂಪಿನಲ್ಲಿಟ್ಟರೂ ಮೊಗ್ಗು ಹುಟ್ಟುವುದಿಲ್ಲ. ಹಿಮ ಬೀಳುವ ಜಾಗದಲ್ಲಿ ನೆಲವೇ ಆ ತಂಪನ್ನು ಕೊಡುತ್ತದೆ. ಚಳಿಗಾಲ ಬೆಚ್ಚಗಿರುವ ಕಡೆ ಮಾತ್ರ ಫ್ರಿಜ್ಜಿನ ಉಪಾಯ ಉಪಯೋಗಕ್ಕೆ ಬರುತ್ತದೆ, ಅಲ್ಲೂ ಹಣ್ಣುಗಳ ಜೊತೆ ಇಡಬಾರದು. ಮಾಗುವ ಹಣ್ಣು ಬಿಡುವ ಎಥಿಲೀನ್ ಅನಿಲ ಒಳಗಿನ ಮೊಗ್ಗನ್ನು ಸುಟ್ಟುಹಾಕುತ್ತದೆ. ಬೆಚ್ಚಗಿನ ಜಾಗದವರಿಗೆ ಇದಕ್ಕಿಂತ ಸುಲಭದ ದಾರಿ ಡ್ಯಾಫೊಡಿಲ್‌ನದೇ ಕುಲದ ಪೇಪರ್‌ವೈಟ್ ನಾರ್ಸಿಸಸ್, ಅದಕ್ಕೆ ಚಳಿಯ ಹಂಗಿಲ್ಲ.

ಇನ್ನೊಂದು ನೀವು ಕೇಳಿಲ್ಲ, ಆದರೆ ಯಾರಾದರೂ ಹೇಳಿಯೇ ಹೇಳುತ್ತಾರೆ: ಗುಂಡಿಗೆ ಹಸಿ ಸಗಣಿ ಗೊಬ್ಬರ ಹಾಕಿ ಎಂದು. ಹಾಕಬೇಡಿ. ಗೆಡ್ಡೆಗೆ ತಾಗಿದ ಹಸಿ ಗೊಬ್ಬರ ಕೊಳೆಗೆ ನೇರ ಆಹ್ವಾನ. ಎಲುಬಿನ ಪುಡಿ ಅಷ್ಟು ಅಪಾಯವಲ್ಲ, ಆದರೆ ಅದರಲ್ಲಿರುವುದು ಮುಖ್ಯವಾಗಿ ರಂಜಕ, ಪೊಟ್ಯಾಷ್ ಇಲ್ಲವೆನ್ನುವಷ್ಟು ಕಡಿಮೆ. ಅದರ ವಾಸನೆಗೆ ನಾಯಿಗಳು ಬಂದು ಪಾತಿ ಅಗೆಯುವುದೂ ಇದೆ.

ಮೊದಲು ಖಾತ್ರಿ ಮಾಡಿಕೊಳ್ಳಿ

ಹೂ ಬರದಿರುವುದರಲ್ಲಿ ಎರಡು ಬಗೆ ಇದೆ, ಚಿಕಿತ್ಸೆ ಬೇರೆ ಬೇರೆ. ಮೊಗ್ಗಿನ ದಂಟೇ ಏಳದಿದ್ದರೆ ಗೆಡ್ಡೆ ಬಡವಾಗಿದೆ ಎಂದರ್ಥ. ದಂಟು ಎದ್ದು, ಮೊಗ್ಗು ಬಂದು, ಅದು ತನ್ನ ಕಾಗದದಂಥ ಹೊದಿಕೆಯೊಳಗೇ ಕಂದಾಗಿ ಒಣಗಿದರೆ ಗೆಡ್ಡೆ ತನ್ನ ಕೆಲಸ ಮಾಡಿದೆ, ಕೊನೆಯ ಹಂತದಲ್ಲಿ ನೀರು ಕೈಕೊಟ್ಟಿದೆ ಅಥವಾ ಹಠಾತ್ತನೆ ಬಿಸಿ ಏರಿದೆ. ಸುತ್ತು ಎಸಳಿನ ತಳಿಗಳಲ್ಲಿ, ಅದರಲ್ಲೂ ತಡವಾಗಿ ಹೂಬಿಡುವವುಗಳಲ್ಲಿ ಇದು ಹೆಚ್ಚು. ಮೊಗ್ಗು ಕಂಡಾಗಿನಿಂದ ಮಣ್ಣು ಒಣಗದಂತೆ ನೋಡಿಕೊಳ್ಳುವುದೇ ಅದಕ್ಕೆ ಮದ್ದು. ನಿಮ್ಮದು ಒಂಟಿ ಎಸಳಿನ ತುತ್ತೂರಿ ಹೂ. ಒಣಗಿದ ಮೊಗ್ಗಿನ ಮಾತು ನಿಮ್ಮ ಪತ್ರದಲ್ಲಿಲ್ಲ. ಹಾಗಾಗಿ ಮೊದಲನೆಯ ಬಗೆ ಎಂದಿಟ್ಟುಕೊಂಡು ಬರೆಯುತ್ತಿದ್ದೇನೆ. ಈಗ ಸಾಲಿನಲ್ಲಿ ಒಮ್ಮೆ ಬಗ್ಗಿ ನೋಡಿ, ಕಂದು ತುದಿಯ ಬರಡು ದಂಟುಗಳು ಇದ್ದರೆ ಆ ಬುಡಗಳಿಗೆ ಗುರುತು ಹಾಕಿ.

ಆಮೇಲೆ ಒಂದು ಬುಡದ ಪಕ್ಕದಲ್ಲಿ ಕೈಯಿಂದ ಮಣ್ಣು ಸರಿಸಿ ಗೆಡ್ಡೆಗಳ ಭುಜ ಮುಟ್ಟಿ ನೋಡಿ. ಗಟ್ಟಿಯಾಗಿರಬೇಕು. ಮೆತ್ತಗಿದ್ದರೆ, ಹೆಬ್ಬೆರಳು ಒತ್ತಿದಾಗ ಒಳಗೆ ಹೋದರೆ, ಆ ಒಂದನ್ನು ಕಿತ್ತು ಸೀಳಿ. ಬುಡದ ತಟ್ಟೆಯಿಂದ ಕೆಂಗಂದು ಬಣ್ಣ ಮೇಲಕ್ಕೆ ಹಬ್ಬಿ, ಕೆಲವೊಮ್ಮೆ ತಿಳಿಗುಲಾಬಿ ಬೂಷ್ಟು ಕಂಡರೆ ಫ್ಯುಸೇರಿಯಂ ಶಿಲೀಂಧ್ರದ ಬುಡಕೊಳೆ. ಒಳಗೆಲ್ಲ ಟೊಳ್ಳಾಗಿ, ಕಂದು ರಾಡಿಯ ನಡುವೆ ಮಾಸಲು ಬಿಳಿಯ ದಪ್ಪ ಹುಳು ಒಂದೇ ಒಂದು ಕುಳಿತಿದ್ದರೆ ಅದು ನಾರ್ಸಿಸಸ್ ನೊಣದ ಮರಿ. ಗೆಡ್ಡೆಯನ್ನು ಅಡ್ಡಕ್ಕೆ ಕೊಯ್ದಾಗ ಬಿಳಿ ಪದರಗಳ ನಡುವೆ ಕಂದು ಉಂಗುರಗಳು ಕಂಡರೆ, ಜೊತೆಗೆ ಎಲೆ ತಿರುಚಿಕೊಂಡು ಅದರ ಮೇಲೆ ಹಳದಿ ಗಂಟುಗಳಿದ್ದರೆ ಜಂತುಹುಳುವಿನ (ನೆಮಟೋಡ್) ಬಾಧೆ. ಎಲೆಯ ಉದ್ದಕ್ಕೂ ಹಳದಿ ಗೀರು ಬಂದು, ಗಿಡ ವರ್ಷ ವರ್ಷ ಗಿಡ್ಡವಾಗುತ್ತಿದ್ದರೆ ನಂಜುರೋಗ, ಅಂದರೆ ವೈರಸ್. ಈ ನಾಲ್ಕಕ್ಕೂ ಮನೆಯ ತೋಟದಲ್ಲಿ ಔಷಧಿಯಿಲ್ಲ. ಅಂಥ ಗೆಡ್ಡೆಗಳನ್ನು ಸುತ್ತಲಿನ ಮಣ್ಣಿನ ಸಮೇತ ತೆಗೆದು ಸುಟ್ಟುಹಾಕಿ ಅಥವಾ ಕಸಕ್ಕೆ ಕೊಡಿ, ಕಾಂಪೋಸ್ಟ್ ಗುಂಡಿಗೆ ಮಾತ್ರ ಹಾಕಬೇಡಿ. ವೃತ್ತಿ ಬೆಳೆಗಾರರು ಜಂತುಹುಳು, ನೊಣಗಳನ್ನು ಕೊಲ್ಲಲು ಗೆಡ್ಡೆಗಳನ್ನು 44.4 ಡಿಗ್ರಿ ಬಿಸಿನೀರಿನಲ್ಲಿ 3 ಗಂಟೆ ಮುಳುಗಿಸುತ್ತಾರೆ. ಅರ್ಧ ಡಿಗ್ರಿ ಆಚೀಚೆಯಾಗದ ತೊಟ್ಟಿ ಅದಕ್ಕೆ ಬೇಕು. ಮನೆಯ ಪಾತ್ರೆಯಲ್ಲಿ ಪ್ರಯತ್ನಿಸಿದರೆ ಹುಳು ಉಳಿದು ಗೆಡ್ಡೆ ಬೇಯುವುದೇ ಹೆಚ್ಚು.

ಸಾಲು ಪೂರ್ತಿ ಸಮವಾಗಿ ಹೂ ಕಡಿಮೆ ಮಾಡಿರುವುದರಿಂದ ನಿಮ್ಮಲ್ಲಿ ರೋಗದ ಸಾಧ್ಯತೆ ಕಡಿಮೆ. ಕೊಳೆಯಾಗಲಿ ನೊಣವಾಗಲಿ ಅಲ್ಲೊಂದು ಇಲ್ಲೊಂದು ಬುಡವನ್ನು ಖಾಲಿ ಮಾಡುತ್ತ ಹೋಗುತ್ತವೆ.

ಈಗಿನಿಂದ ಎಲೆ ಒಣಗುವವರೆಗೆ

ಬಾಡಿದ ಆ ಮೂರು ಹೂಗಳನ್ನು, ಹಿಂದಿರುವ ಉಬ್ಬಿದ ಹಸಿರು ಕಾಯಿಯ ಸಮೇತ ಚಿವುಟಿ. ಬೀಜ ಕಟ್ಟಲು ಶಕ್ತಿ ಹೋಗುವುದು ಬೇಡ. ದಂಟನ್ನು ಬಿಡಿ, ಅದೂ ಹಸಿರಾಗಿರುವಷ್ಟು ದಿನ ಎಲೆಯ ಕೆಲಸವನ್ನೇ ಮಾಡುತ್ತದೆ.

ಹುಲ್ಲಿನ ಗೊಬ್ಬರವನ್ನೂ ಹುಲ್ಲಿನ ಕಳೆನಾಶಕವನ್ನೂ ಆ ಅಂಚಿನಿಂದ ದೂರವಿಡಿ. ಸಲ್ಫೇಟ್ ಆಫ್ ಪೊಟ್ಯಾಷ್ ಚದರ ಮೀಟರಿಗೆ 30–35 ಗ್ರಾಂ, ಅಂದರೆ ಒಂದು ಸಣ್ಣ ಹಿಡಿ, ಎಲೆಯ ಮೇಲೆ ಬೀಳದಂತೆ ಮಣ್ಣಿಗೆ ಉದುರಿಸಿ ನೀರು ಕೊಡಿ. ಅದರ ಮೇಲೆ, ಎಲೆ ಹಸಿರಾಗಿರುವವರೆಗೆ, ಟೊಮ್ಯಾಟೊ ಗಿಡಕ್ಕೆ ಕೊಡುವಂಥ ಪೊಟ್ಯಾಷ್ ಹೆಚ್ಚಿರುವ ದ್ರವ ಗೊಬ್ಬರವನ್ನು ಪೊಟ್ಟಣದ ಮೇಲಿನ ಅಳತೆಗೆ ಕರಗಿಸಿ 10–14 ದಿನಕ್ಕೊಮ್ಮೆ ಹಾಕಬಹುದು. ಅಳತೆ ಹೆಚ್ಚಿಸಿದರೆ ಬೇರು ಸುಡುತ್ತದೆ, ಬೇಗ ದಪ್ಪವಾಗುವುದಿಲ್ಲ.

ಗೊಬ್ಬರಕ್ಕಿಂತ ನೀರು ಮುಖ್ಯ ಎಂಬುದನ್ನು ಬಹಳ ಜನ ಮರೆಯುತ್ತಾರೆ. ಹೂ ಮುಗಿಯಿತೆಂದು ನೀರು ನಿಲ್ಲಿಸುತ್ತಾರೆ, ಆ ಹೊತ್ತಿಗೇ ಮಳೆಯೂ ನಿಂತಿರುತ್ತದೆ. ಮಣ್ಣು ಒಣಗಿದರೆ ಎಲೆ ಅವಧಿಗೆ ಮೊದಲೇ ಹಳದಿಯಾಗಿ, ನೀವು ಕತ್ತರಿಸದಿದ್ದರೂ ಕತ್ತರಿಸಿದಂತೆಯೇ ಆಗುತ್ತದೆ. ವಾರಕ್ಕೆ 2.5 ಸೆಂ.ಮೀ. ಮಳೆ ಬರದಿದ್ದರೆ ವಾರಕ್ಕೊಮ್ಮೆ ಚದರ ಮೀಟರಿಗೆ 25 ಲೀಟರ್ ಲೆಕ್ಕದಲ್ಲಿ, ಬೇರಿನ ಆಳಕ್ಕೆ ಇಳಿಯುವಂತೆ ನಿಧಾನವಾಗಿ ಕೊಡಿ. ದಿನಾ ಚಿಮುಕಿಸಿದರೆ ಮೇಲಿನ ಎರಡು ಬೆರಳು ಮಣ್ಣಷ್ಟೇ ಒದ್ದೆಯಾಗುತ್ತದೆ. ಎಲೆ ತಾನಾಗಿ ಹಳದಿ ತಿರುಗಿದ ಮೇಲೆ ನೀರು ನಿಲ್ಲಿಸಿ. ಸುಪ್ತಾವಸ್ಥೆಯ ಗೆಡ್ಡೆಗೆ ಬಿಸಿ ಮಣ್ಣು ಮತ್ತು ತೇವ ಎರಡೂ ಸೇರಿದರೆ ಬುಡಕೊಳೆ ಬರುತ್ತದೆ.

ಅಡ್ಡಾದಿಡ್ಡಿ ಬಿದ್ದ ಎಲೆ ಕಣ್ಣಿಗೆ ಒಳ್ಳೆಯದಾಗಿ ಕಾಣುವುದಿಲ್ಲ, ಒಪ್ಪುತ್ತೇನೆ. ಮರೆಮಾಡಬೇಕೆಂದರೆ ಡ್ಯಾಫೊಡಿಲ್ ಸಾಲಿನ ಮುಂದೆ ತಡವಾಗಿ ಚಿಗುರುವ ಬಹುವಾರ್ಷಿಕ ಗಿಡಗಳನ್ನು ನೆಡಿ. ಇದು ಮಲಗುವ ಹೊತ್ತಿಗೆ ಅವು ಏಳುತ್ತವೆ. ಒತ್ತಾಗಿ ಬೆಳೆದು ಬಿಸಿಲು ತಡೆಯುವಂಥವು ಬೇಡ.

ಆಮೇಲೆ ಯಾವ ದಾರಿ

ಮೂರು ದಾರಿಗಳಿವೆ. ಒಂದು, ಅಗೆಯದೆ ಹಾಗೆಯೇ ಬಿಟ್ಟು ಮೇಲೆ ಹೇಳಿದ ಆರೈಕೆಯನ್ನಷ್ಟೇ ಮಾಡುವುದು. ಶ್ರಮ ಕಡಿಮೆ, ಬುಡ ಇಕ್ಕಟ್ಟಾಗಿರದಿದ್ದರೆ ಇಷ್ಟೇ ಸಾಕು. ನಿಮ್ಮಲ್ಲಿ ಆಳವೂ ತಪ್ಪಿರುವುದರಿಂದ ಒಂದೆರಡು ವರ್ಷ ಸುಧಾರಿಸಿ ಮತ್ತೆ ಇಲ್ಲಿಗೇ ಬಂದು ನಿಲ್ಲುತ್ತೀರಿ. ಎರಡು, ಈಗಲೇ, ಎಲೆ ಹಸಿರಿರುವಾಗಲೇ ಕಿತ್ತು ಬೇರೆ ಮಾಡುವುದು. ಇದನ್ನು ನಾನು ಹೇಳುವುದಿಲ್ಲ. ಡ್ಯಾಫೊಡಿಲ್ ಬೇರು ಕವಲೊಡೆಯುವುದಿಲ್ಲ, ಕಡಿದುಹೋದದ್ದು ಆ ಹಂಗಾಮಿನಲ್ಲಿ ಚೇತರಿಸಿಕೊಳ್ಳುವುದಿಲ್ಲ. ತಿನ್ನಬೇಕಾದ ಹೊತ್ತಿಗೆ ಬಾಯಿ ಕಟ್ಟಿದಂತಾಗುತ್ತದೆ. ಜಾಗ ಖಾಲಿ ಮಾಡಲೇಬೇಕಾದ ಅನಿವಾರ್ಯವಿದ್ದರೆ ಮಾತ್ರ ದೊಡ್ಡ ಮಣ್ಣಿನ ಹೆಂಟೆಯ ಸಮೇತ ಎತ್ತಿ ಬೇರೆಡೆ ಇಡಬಹುದು.

ಮೂರನೆಯದು, ಎಲೆ ಒಣಗಿದ ಮೇಲೆ ಅಗೆದು, ಬಿಡಿಸಿ, ಸರಿಯಾದ ಆಳಕ್ಕೆ ಮರುನಾಟಿ ಮಾಡುವುದು. ನಿಮಗೆ ಇದೇ ಸರಿ. ಅಪಾಯವಿಲ್ಲವೆಂದಲ್ಲ. ಸಲಾಕೆ ತಾಗಿ ಗಾಯವಾದ ಗೆಡ್ಡೆ ಕೊಳೆಯಬಹುದು, ಸಂಗ್ರಹದಲ್ಲಿ ಬೆವತು ಹಾಳಾಗಬಹುದು, ಸಣ್ಣ ಮರಿಗಳು ಹೂಬಿಡಲು 2–3 ವರ್ಷ ತೆಗೆದುಕೊಳ್ಳುತ್ತವೆ. ಎಲ್ಲವನ್ನೂ ಒಮ್ಮೆಗೇ ಅಗೆಯಲು ಧೈರ್ಯ ಸಾಲದಿದ್ದರೆ ಅರ್ಧ ಸಾಲು ಈ ವರ್ಷ, ಉಳಿದದ್ದು ಮುಂದಿನ ವರ್ಷ ಮಾಡಿ.

ಎಲೆ ಮುಕ್ಕಾಲು ಭಾಗ ಹಳದಿಯಾಗಿ ಒರಗಿದಾಗ ಅಗೆಯುವ ಕಾಲ. ಪೂರ್ತಿ ಮಾಯವಾಗುವವರೆಗೆ ಕಾದರೆ ಬುಡ ಎಲ್ಲಿದೆ ಎಂದೇ ತಿಳಿಯದೆ ಗುದ್ದಲಿ ಗೆಡ್ಡೆಯ ಮೇಲೆಯೇ ಬೀಳುತ್ತದೆ. ಬುಡದಿಂದ 15 ಸೆಂ.ಮೀ. ದೂರದಲ್ಲಿ ಹಲ್ಲುಗುದ್ದಲಿಯನ್ನು 25 ಸೆಂ.ಮೀ. ಆಳಕ್ಕೆ ಇಳಿಸಿ, ನಾಲ್ಕೂ ಕಡೆಯಿಂದ ಸಡಿಲಿಸಿ, ಗೊಂಚಲನ್ನು ಪೂರ್ತಿಯಾಗಿ ಎತ್ತಿ. ಮಣ್ಣು ಉದುರಿಸಿ. ಕೈಯಿಂದ ಮೆಲ್ಲನೆ ತಿರುಚಿದಾಗ ಯಾವುದು ಸುಲಭವಾಗಿ ಕಳಚಿಕೊಳ್ಳುತ್ತದೋ ಅದನ್ನು ಬೇರೆ ಮಾಡಿ. ಒಂದೇ ತಟ್ಟೆಗೆ ಎರಡು ಮೂತಿ (ಮೊಳಕೆ ಏಳುವ ತುದಿ) ಅಂಟಿಕೊಂಡಿದ್ದರೆ ಹಾಗೆಯೇ ಇರಲಿ, ಬಲವಂತವಾಗಿ ಸೀಳಿದರೆ ಬುಡದ ತಟ್ಟೆಗೆ ಗಾಯವಾಗುತ್ತದೆ, ಕೊಳೆ ಒಳಹೊಗುವುದೇ ಅಲ್ಲಿಂದ. ಕೈಗವಸು ಹಾಕಿಕೊಳ್ಳಿ. ಇದರ ರಸದಲ್ಲಿ ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿವೆ. ಬರಿಗೈಯಲ್ಲಿ ಬಹಳ ಹೊತ್ತು ಮುಟ್ಟಿದವರ ಬೆರಳ ಸಂದಿಯಲ್ಲಿ ತುರಿ, ಗುಳ್ಳೆ ಏಳುತ್ತವೆ.

ಗೆಡ್ಡೆಗಳನ್ನು ನೆರಳಲ್ಲಿ, ಗಾಳಿಯಾಡುವ ಕಡೆ ಒಂದೇ ಪದರವಾಗಿ ಹರಡಿ ಒಂದೆರಡು ವಾರ ಒಣಗಿಸಿ. ಬಿಸಿಲಿಗೆ ಇಟ್ಟರೆ ಬೇಯುತ್ತವೆ. ಒಣಗಿದ ಮೇಲೆ ಬೇರು, ಸಡಿಲ ಸಿಪ್ಪೆ ತೆಗೆದು ವಿಂಗಡಿಸಿ: ಸುತ್ತಳತೆ 12 ಸೆಂ.ಮೀ. ಮೇಲ್ಪಟ್ಟವು ಒಂದು ಕಡೆ, ಸಣ್ಣವು ಒಂದು ಕಡೆ, ಮೆತ್ತಗಿರುವವು ಕಸಕ್ಕೆ. ಬಲೆ ಚೀಲದಲ್ಲಿ ಹಾಕಿ 17–20 ಡಿಗ್ರಿಯ ಒಣ ಜಾಗದಲ್ಲಿ ತೂಗುಹಾಕಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ತಿಂಗಳೊಳಗೆ ಬೂಷ್ಟು ಹಿಡಿಯುತ್ತದೆ. ಕಾಪಿಡುವ ತೊಂದರೆ ಬೇಡವೆಂದರೆ ಬಿಡಿಸಿದ ಕೂಡಲೇ ಹೊಸ ಜಾಗಕ್ಕೆ ನೆಟ್ಟರೂ ಆಗುತ್ತದೆ, ಬೇಸಿಗೆಯಲ್ಲಿ ಆ ಜಾಗಕ್ಕೆ ನೀರು ಬೀಳದಿದ್ದರೆ ಸಾಕು.

ಒಂದು ಎಚ್ಚರಿಕೆ. ಒಣಗಿದ ಡ್ಯಾಫೊಡಿಲ್ ಗೆಡ್ಡೆಯನ್ನು ಅಡುಗೆಮನೆಯ ಹತ್ತಿರ ಇಡಲೇಬೇಡಿ. ಈರುಳ್ಳಿಯೆಂದು ತಿಳಿದು ಅಡುಗೆಗೆ ಹಾಕಿ ಆಸ್ಪತ್ರೆ ಸೇರಿದವರಿದ್ದಾರೆ. ಇದರಲ್ಲಿರುವ ಲೈಕೊರಿನ್ ಎಂಬ ವಿಷ ತೀವ್ರ ವಾಂತಿ, ಹೊಟ್ಟೆನೋವು ತರುತ್ತದೆ, ಬೇಯಿಸಿದರೂ ಹೋಗುವುದಿಲ್ಲ. ಚೀಲಕ್ಕೆ ಹೆಸರು ಬರೆದು, ಮಕ್ಕಳಿಗೂ ನಾಯಿಗೂ ಎಟುಕದಂತೆ ಇಡಿ. ಇಲಿ, ಅಳಿಲು, ಜಿಂಕೆ ಡ್ಯಾಫೊಡಿಲ್ ತಂಟೆಗೆ ಹೆಚ್ಚಾಗಿ ಬಾರದಿರುವುದಕ್ಕೂ ಇದೇ ಕಾರಣ.

ಮರುನಾಟಿ ಶರತ್ಕಾಲದ ಆರಂಭದಲ್ಲಿ, ಮಣ್ಣಿನ ಬೇಗೆ ಇಳಿದ ಮೇಲೆ. ಬಿಸಿ ಮಣ್ಣಿಗೆ ನೆಟ್ಟರೆ ಫ್ಯುಸೇರಿಯಂಗೆ ಅನುಕೂಲ, ತೀರಾ ತಡಮಾಡಿದರೆ ಹಿಮ ಬೀಳುವ ಮೊದಲು ಬೇರು ಬಿಡಲು ಸಮಯ ಸಾಲದು. ಗುಂಡಿಯ ಆಳ ಗೆಡ್ಡೆಯ ಎತ್ತರದ ಮೂರು ಪಟ್ಟು. 5 ಸೆಂ.ಮೀ. ಗೆಡ್ಡೆಗೆ 15 ಸೆಂ.ಮೀ. ಗುಂಡಿ, ತಲೆಯ ಮೇಲೆ 10 ಸೆಂ.ಮೀ. ಮಣ್ಣು ಉಳಿಯುತ್ತದೆ. ಮರಳು ಮಣ್ಣಿನಲ್ಲಿ ಇನ್ನೂ ಎರಡು-ಮೂರು ಸೆಂ.ಮೀ. ಇಳಿಸಿ, ಜಿಗುಟು ಮಣ್ಣಿನಲ್ಲಿ ಅಷ್ಟೇ ಮೇಲೆ ತನ್ನಿ. ಗೆಡ್ಡೆಯಿಂದ ಗೆಡ್ಡೆಗೆ 10–15 ಸೆಂ.ಮೀ. ಅಂತರ. ಮೂತಿ ಮೇಲೆ, ತಟ್ಟೆ ಕೆಳಗೆ. ಅಡಿಯಲ್ಲಿ ಗಾಳಿ ಸಿಕ್ಕಿಕೊಳ್ಳದಂತೆ ಸ್ವಲ್ಪ ಒತ್ತಿ ಕೂರಿಸಿ ಮಣ್ಣು ಮುಚ್ಚಿ, ಒಮ್ಮೆ ಚೆನ್ನಾಗಿ ನೀರು ಕೊಡಿ. ಬೇರು ಹೊರಡುವುದು ಈ ತೇವಕ್ಕೆ. ಶರತ್ಕಾಲ ಒಣಗಿದ್ದರೆ ಮುಂದೆಯೂ ನೀರು ಬೇಕಾಗುತ್ತದೆ. ಮೇಲೆ ಏನೂ ಕಾಣದಿದ್ದರೂ ನೆಲದಡಿಯಲ್ಲಿ ಕೆಲಸ ನಡೆಯುತ್ತಿರುತ್ತದೆ.

ಹುಲ್ಲಿನ ಅಂಚಿಗೇ ಮತ್ತೆ ನೆಡುವುದಾದರೆ ಒಂದು ಪಟ್ಟಿಯನ್ನು ಇದಕ್ಕೆಂದೇ ಬಿಟ್ಟು, ಹೂ ಬಾಡಿ 6 ವಾರ ಕಳೆಯುವವರೆಗೆ ಅಲ್ಲಿ ಹುಲ್ಲು ಕತ್ತರಿಸುವುದಿಲ್ಲ ಎಂದು ಗಟ್ಟಿ ಮಾಡಿಕೊಳ್ಳಬೇಕು. ಅದು ಮನಸ್ಸಿಗೆ ಒಗ್ಗದಿದ್ದರೆ ಬೇರೆ ಪಾತಿ ಮಾಡಿ. ದಿನಕ್ಕೆ ಅರ್ಧ ದಿನವಾದರೂ ಬಿಸಿಲು ಬೀಳಬೇಕು, ನೀರು ನಿಲ್ಲಬಾರದು. ಎಲೆ ಉದುರುವ ಮರದ ಕೆಳಗಾದರೆ ತೊಂದರೆಯಿಲ್ಲ, ಮರ ಚಿಗುರುವ ಮೊದಲೇ ಇದು ಬಿಸಿಲು ಪಡೆದಿರುತ್ತದೆ. ನಿತ್ಯಹಸಿರು ಮರದ ಕೆಳಗೆ ಮಾತ್ರ ಬೇಡ. ಸಣ್ಣ ಮರಿಗಳನ್ನು ಹಿತ್ತಲಿನ ಯಾವುದಾದರೂ ಮೂಲೆಯಲ್ಲಿ 8–10 ಸೆಂ.ಮೀ. ಆಳಕ್ಕೆ ಸಾಲಾಗಿ ನೆಟ್ಟು ದಪ್ಪವಾಗಲು ಬಿಡಿ.

ಹೊಸ ಗೆಡ್ಡೆ ತಂದು ಹಳೆಯ ಸಾಲಿನ ನಡುವೆ ತುರುಕುವುದು ಸುಲಭವೆನಿಸಬಹುದು. ಮೊದಲ ವಸಂತಕ್ಕೆ ಹೂ ಸಿಗುತ್ತದೆ, ಆದರೆ ಗುಂಡಿ ತೆಗೆಯುವಾಗ ಹಳೆಯವು ಕತ್ತರಿಸಿಹೋಗುತ್ತವೆ, ಮಣ್ಣಿನಲ್ಲಿ ರೋಗವಿದ್ದರೆ ಹೊಸದಕ್ಕೂ ಹತ್ತುತ್ತದೆ, ಎರಡನೆಯ ವರ್ಷದಿಂದ ಅದೇ ಕಥೆ. ತರುವುದಾದರೆ ಬೇರೆ ಪಾತಿಗೆ ತನ್ನಿ, ಕೈಯಲ್ಲಿ ಹಿಡಿದಾಗ ಭಾರವಾಗಿ ಗಟ್ಟಿಯಾಗಿರುವ ಗೆಡ್ಡೆಯನ್ನೇ ಆರಿಸಿ.

ಎಷ್ಟು ದಿನ ಕಾಯಬೇಕು ಎಂದರೆ: ಈ ವರ್ಷದ ಎಲೆಗೆ ಪೂರ್ತಿ ಅವಧಿ ಸಿಕ್ಕರೂ ಮುಂದಿನ ವಸಂತದಲ್ಲಿ ದಪ್ಪ ಗೆಡ್ಡೆಗಳಲ್ಲಿ ಮಾತ್ರ ಹೂ ಕಾಣುತ್ತದೆ. ಸಾಲು ತುಂಬುವುದು ಅದರ ಮುಂದಿನ ವಸಂತಕ್ಕೆ. ಕಾಯುವ ಮನಸ್ಸಿಲ್ಲದಿದ್ದರೆ ಬೇಸಿಗೆಯ ಕೊನೆಯಲ್ಲಿ, ಮರುನಾಟಿಗೆ ಮುಂಚೆ, ದಪ್ಪ ಗೆಡ್ಡೆಗಳಲ್ಲಿ ಒಂದನ್ನು ಬಲಿ ಕೊಟ್ಟು ಉದ್ದಕ್ಕೆ ಸೀಳಿ ನೋಡಿ. ಒಳಗೆ ಮೊಗ್ಗಿದ್ದರೆ ಉಳಿದವೂ ಅದೇ ಗಾತ್ರದವಾದರೆ ಹೂಬಿಡುತ್ತವೆ ಎಂದು ಧೈರ್ಯವಾಗಿ ಮುಂಭಾಗದಲ್ಲಿ ನೆಡಬಹುದು. ಮೊಗ್ಗಿಲ್ಲದಿದ್ದರೆ ಅವನ್ನೂ ಮರಿಗಳ ಸಾಲಿಗೆ ಸೇರಿಸಿ ಇನ್ನೊಂದು ವರ್ಷ ಪೊಟ್ಯಾಷ್, ನೀರು ಕೊಡಿ. ಸರಿಯಾದ ಆಳ, ಬಿಸಿಲು, ಪೂರ್ತಿ ಎಲೆ ಎಲ್ಲವೂ ಸಿಕ್ಕಿ ಮೂರನೆಯ ವಸಂತದಲ್ಲೂ ಹೂ ಕೊಡದ ಬುಡವಿದ್ದರೆ ಅದರಲ್ಲಿ ನಂಜು ಇರುವ ಸಾಧ್ಯತೆಯೇ ಹೆಚ್ಚು. ಅದನ್ನು ತೆಗೆದುಹಾಕಿ, ಆ ಗುಂಡಿಗೆ ಕೆಲವು ವರ್ಷ ಡ್ಯಾಫೊಡಿಲ್ ಬಿಟ್ಟು ಬೇರೇನಾದರೂ ನೆಡಿ.